ಬೀಟಾ ವಿಮಾನದಲ್ಲಿ ಆಟೋಪೈಲಟ್ ತಾನಾಗಿಯೇ ಆಫ್ ಆಗುತ್ತಿದೆಯೇ? ದೋಷ ಹುಡುಕುವ ಬಗೆ

ಸಿಮ್ಯುಲೇಟರ್‌ನಲ್ಲಿ ಬೆಂಗಳೂರಿನ ಕೆಂಪೇಗೌಡ ನಿಲ್ದಾಣದ 27ಆರ್ ರನ್‌ವೇಯಿಂದ ಎದ್ದಿದ್ದೀರಿ. ಚಕ್ರ ಒಳಗೆ ಹೋಯಿತು, ಫ್ಲ್ಯಾಪ್ ಮಡಚಿಕೊಂಡಿತು, ಎಪಿ1 (ಒಂದನೇ ಆಟೋಪೈಲಟ್) ಬಟನ್ ಒತ್ತಿ ಕೈ ಬಿಟ್ಟಿರಿ. ಮೂತಿ ಮಂಗಳೂರಿನ ಕಡೆ ತಿರುಗಿದೆ. ನಾಲ್ಕೈದು ನಿಮಿಷ ಎಲ್ಲ ಸರಿ. ಆಮೇಲೆ ಇದ್ದಕ್ಕಿದ್ದಂತೆ ಕೆಂಪು ದೀಪ ಮಿನುಗುತ್ತದೆ, ಎಚ್ಚರಿಕೆಯ ಸದ್ದು ಕಿವಿಗೆ ರಾಚುತ್ತದೆ, ಎಚ್ಚರಿಕೆಗಳನ್ನು ತೋರಿಸುವ ಇಕ್ಯಾಮ್ ಪರದೆಯಲ್ಲಿ ‘ಆಟೋ ಫ್ಲೈಟ್ ಎಪಿ ಆಫ್’ ಎಂದು ಬರುತ್ತದೆ. ನೀವು ಏನನ್ನೂ ಮುಟ್ಟಿಲ್ಲ.

ಏರ್‌ಬಸ್ ಎ320 ಆಡ್-ಆನ್ (ಸಿಮ್‌ಗೆ ಬೇರೆಯಾಗಿ ಸೇರಿಸುವ ವಿಮಾನ) ಒಂದರ ಬೀಟಾ ಪರೀಕ್ಷೆಯಲ್ಲಿ, ಅಂದರೆ ಬಿಡುಗಡೆಗೆ ಮುಂಚಿನ ಪರೀಕ್ಷೆಯಲ್ಲಿ, ನನಗೆ ಆದದ್ದು ಇದೇ. ಹಾರಿಸಿದ್ದು ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 2020ರಲ್ಲಿ. ಆಡ್-ಆನ್ ಹೆಸರು ಬರೆಯುವಂತಿಲ್ಲ, ಬೀಟಾಗೆ ಸೇರುವಾಗಲೇ ಹೊರಗೆ ಹೇಳುವುದಿಲ್ಲ ಎಂದು ಒಪ್ಪಿಕೊಂಡಿದ್ದೇನೆ. ಹೆಸರು ಇಲ್ಲಿ ಮುಖ್ಯವೂ ಅಲ್ಲ. ವ್ಯವಸ್ಥೆಗಳನ್ನು ಆಳವಾಗಿ ಕಟ್ಟಿದ ಯಾವ ವಿಮಾನದಲ್ಲಾದರೂ ಈ ದೋಷ ಬರಬಹುದು. ಹುಡುಕುವ ದಾರಿಯೂ ಹೆಚ್ಚುಕಮ್ಮಿ ಒಂದೇ.

ಮೊದಲ ದಿನ ನಾನು ಕಳಿಸಿದ ವರದಿ ಒಂದೇ ಸಾಲು: ‘ಹತ್ತುವಾಗ ಎಪಿ ಆಗಾಗ ಆಫ್ ಆಗುತ್ತಿದೆ.’ ಎರಡು ಗಂಟೆಯಲ್ಲಿ ಉತ್ತರ ಬಂತು: ‘ನಮ್ಮಲ್ಲಿ ಬರುತ್ತಿಲ್ಲ, ಇನ್ನಷ್ಟು ವಿವರ ಕೊಡಿ.’ ಅವರ ತಪ್ಪೇನಿಲ್ಲ. ‘ಆಗಾಗ’ ಅನ್ನುವ ಪದ ಹಿಡಿದು ಯಾರೂ ಕೋಡ್‌ನಲ್ಲಿ ಏನನ್ನೂ ಹುಡುಕಲಾರರು. ಮುಂದಿನ ಹನ್ನೊಂದು ದಿನ ಆ ‘ಆಗಾಗ’ವನ್ನು ‘ಯಾವಾಗ’ ಮಾಡುವುದೇ ನನ್ನ ಕೆಲಸವಾಯಿತು. ಅದನ್ನೇ ಇಲ್ಲಿ ಬರೆದಿಟ್ಟಿದ್ದೇನೆ.

ಸದ್ದು ಕೇಳಿ, ಎಫ್‌ಎಂಎ ಓದಿ

ಎಪಿ ಬಿಟ್ಟ ಕೂಡಲೇ ಕೈ ಮತ್ತೆ ಎಪಿ1 ಬಟನ್ ಕಡೆಗೇ ಹೋಗುತ್ತದೆ. ಸ್ವಲ್ಪ ತಡೆಯಿರಿ. ಮೊದಲ ಹತ್ತು ಸೆಕೆಂಡಿನಲ್ಲಿ ವಿಮಾನ ನಿಮಗೆ ಅರ್ಧ ಉತ್ತರ ಹೇಳಿಬಿಡುತ್ತದೆ.

ಎ320ರಲ್ಲಿ ಎಪಿ ಆಫ್ ಆದಾಗ ಬರುವ ಸದ್ದಿಗೆ ‘ಕ್ಯಾವಲ್ರಿ ಚಾರ್ಜ್’ ಅನ್ನುತ್ತಾರೆ, ಕುದುರೆ ಪಡೆಗೆ ಊದುವ ಕಹಳೆಯ ಹಾಗೆ. ಪೈಲಟ್ ಬೇಕೆಂದೇ ಸೈಡ್‌ಸ್ಟಿಕ್ ಮೇಲಿನ ಕೆಂಪು ಬಟನ್ ಒತ್ತಿ ಎಪಿ ತೆಗೆದರೆ ಆ ಸದ್ದು ಸುಮಾರು ಒಂದೂವರೆ ಸೆಕೆಂಡ್ ಬಂದು ನಿಲ್ಲುತ್ತದೆ. ಬೇರೆ ಯಾವ ಕಾರಣಕ್ಕೆ ಬಿಟ್ಟರೂ ಪೈಲಟ್ ನಿಲ್ಲಿಸುವವರೆಗೂ ಬಡಿದುಕೊಳ್ಳುತ್ತಲೇ ಇರುತ್ತದೆ. ಒಳ್ಳೆಯ ಆಡ್-ಆನ್‌ಗಳು ಈ ವ್ಯತ್ಯಾಸವನ್ನೂ ಹಾಗೇ ಇಟ್ಟಿರುತ್ತವೆ. ಹಾಗಾಗಿ ಸದ್ದು ಒಂದೇ ಸಲ ಬಂದು ನಿಂತರೆ, ಎಲ್ಲೋ ಒಂದು ಬಟನ್ ಒತ್ತಿದಂತಾಗಿದೆ ಎಂದರ್ಥ. ಕಂಟ್ರೋಲ್ ಸೆಟ್ಟಿಂಗ್‌ನಲ್ಲಿ ‘ಆಟೋಪೈಲಟ್ ಡಿಸ್‌ಕನೆಕ್ಟ್’ ಯಾವ ಯಾವ ಬಟನ್‌ಗೆ ಕಟ್ಟಿದೆ ಎಂದು ಹುಡುಕಿ. ಸದ್ದು ನಿಲ್ಲದೇ ಬಂದರೆ, ವಿಮಾನದ ಲೆಕ್ಕಾಚಾರವೇ ಎಪಿಯನ್ನು ಬಿಡಿಸಿದೆ. ನನ್ನದು ಎರಡನೆಯದು. ಅಲ್ಲಿಗೆ ಬಟನ್‌ಗಳ ಮೇಲಿನ ಅನುಮಾನ ಹೋಯಿತು.

ಮುಂದಿನದು ಎಫ್‌ಎಂಎ, ಅಂದರೆ ಪೈಲಟ್ ಮುಂದಿನ ಮುಖ್ಯ ಪರದೆಯಾದ ಪಿಎಫ್‌ಡಿಯ ನೆತ್ತಿಯಲ್ಲಿರುವ ಐದು ಕಾಲಮ್‌ಗಳ ಪಟ್ಟಿ. ಥ್ರಸ್ಟ್ (ಎಂಜಿನ್ ತಳ್ಳುವ ಬಲ) ಯಾವ ಮೋಡ್‌ನಲ್ಲಿದೆ, ಏರಿಳಿತ ಯಾವುದರಲ್ಲಿದೆ, ದಿಕ್ಕು ಯಾವುದರಲ್ಲಿದೆ, ಎಲ್ಲ ಅಲ್ಲಿರುತ್ತದೆ. ಅದರ ಸ್ಕ್ರೀನ್‌ಶಾಟ್ ಇಲ್ಲದ ಎಪಿ ವರದಿಯನ್ನು ನಾನು ಈಗ ಕಳಿಸುವುದೇ ಇಲ್ಲ. ಎಫ್‌ಎಂಎ ಓದುವುದು ಎಷ್ಟು ದೊಡ್ಡ ವಿಷಯ ಎಂದು ಬೆಂಗಳೂರಿನವರಿಗೆ ಹೇಳಬೇಕಾಗಿಲ್ಲ. 1990ರ ಫೆಬ್ರುವರಿ 14ರಂದು ಹಳೆಯ ಎಚ್‌ಎಎಲ್ ನಿಲ್ದಾಣಕ್ಕೆ ಇಳಿಯುತ್ತಿದ್ದ ಎ320 ರನ್‌ವೇ ತಲುಪುವ ಮುಂಚೆಯೇ ನೆಲಕ್ಕೆ ಬಿತ್ತು, 92 ಜನ ತೀರಿಕೊಂಡರು. ವಿಮಾನ ಓಪನ್ ಡಿಸೆಂಟ್ ಮೋಡ್‌ನಲ್ಲಿತ್ತು, ಎಂಜಿನ್‌ಗಳು ಐಡಲ್‌ನಲ್ಲಿ, ಅಂದರೆ ಕನಿಷ್ಠ ಬಲದಲ್ಲಿದ್ದವು, ವೇಗ ಇಳಿಯುತ್ತಾ ಹೋದದ್ದು ಸಮಯಕ್ಕೆ ಗಮನಕ್ಕೆ ಬರಲಿಲ್ಲ. ನಾವು ಮನೆಯಲ್ಲಿ ಕೂತು ಹಾರಿಸುವವರು, ನಿಜ. ಆದರೂ ಆ ಪಟ್ಟಿಯನ್ನು ಗೌರವದಿಂದ ಓದುವ ಅಭ್ಯಾಸ ಇರಲಿ.

ಇದರ ಜೊತೆಗೇ ನಾಲ್ಕು ಅಂಕಿ ಬರೆದುಕೊಳ್ಳಿ: ವೇಗ, ಎತ್ತರ, ಪಿಚ್ (ಮೂತಿಯ ಕೋನ), ಬ್ಯಾಂಕ್ (ರೆಕ್ಕೆಯ ವಾಲು). ಮೂತಿ 25 ಡಿಗ್ರಿಗಿಂತ ಜಾಸ್ತಿ ಮೇಲೆದ್ದರೆ, 13 ಡಿಗ್ರಿಗಿಂತ ಜಾಸ್ತಿ ಕೆಳಗಾದರೆ, ರೆಕ್ಕೆ 45 ಡಿಗ್ರಿ ಮೀರಿ ವಾಲಿದರೆ ನಿಜವಾದ ಎ320ರಲ್ಲೂ ಎಪಿ ಬಿಡುತ್ತದೆ. 350 ನಾಟ್ ಅಥವಾ ಮ್ಯಾಕ್ 0.82 ದಾಟಿ ಅತಿವೇಗದ ರಕ್ಷಣೆ ಎದ್ದರೂ ಬಿಡುತ್ತದೆ. ಹಾಗೆ ಆಗಿದ್ದರೆ ಎಪಿ ಸರಿಯಾಗಿಯೇ ಕೆಲಸ ಮಾಡಿದೆ. ಆಗ ನೀವು ಹುಡುಕಬೇಕಾದ ದೋಷ ಬೇರೆ: ವಿಮಾನ ಅಲ್ಲಿಯವರೆಗೆ ಹೋದದ್ದು ಯಾಕೆ? ನನ್ನ ವಿಮಾನ 290 ನಾಟ್‌ನಲ್ಲಿ ಆರಾಮಾಗಿ ಹತ್ತುತ್ತಿತ್ತು. ಯಾವ ಮಿತಿಯ ಹತ್ತಿರಕ್ಕೂ ಹೋಗಿರಲಿಲ್ಲ.

ಪರೀಕ್ಷೆಗೆ ಮುಂಚೆ ಸಿಮ್ ಚೊಕ್ಕ ಮಾಡಿ

ಇಲ್ಲಿ ಬಹಳ ಜನ ಅವಸರ ಮಾಡುತ್ತಾರೆ. ಹೊಸ ಬಿಲ್ಡ್ (ಆಡ್-ಆನ್‌ನ ಹೊಸ ಆವೃತ್ತಿ) ಬಂತು ಅಂದರೆ ಹಳೆಯದರ ಮೇಲೇ ಹಾಕಿಬಿಡುತ್ತಾರೆ. ಹಳೆಯ ಫೋಲ್ಡರ್ ಪೂರ್ತಿ ಅಳಿಸಿ, ಆಮೇಲೆ ಹೊಸದು ಹಾಕಿ. ಹೊಸ ಬಿಲ್ಡ್‌ನಲ್ಲಿ ಇಲ್ಲದ ಹಳೆಯ ಫೈಲ್ ಒಂದು ಅಲ್ಲೇ ಉಳಿದುಕೊಂಡು, ಯಾರಿಗೂ ಬರದ ದೋಷ ನಿಮಗೊಬ್ಬರಿಗೇ ಬರುವುದುಂಟು.

ಆಮೇಲೆ ವಿಮಾನದ ಕಾಕ್‌ಪಿಟ್‌ನಲ್ಲಿರುವ ಟ್ಯಾಬ್ಲೆಟ್ ತೆರೆದು, ಫೇಲ್ಯೂರ್ ಪುಟ ನೋಡಿ. ಆಳವಾಗಿ ಕಟ್ಟಿದ ಆಡ್-ಆನ್‌ಗಳಲ್ಲಿ ಬಿಡಿಭಾಗಗಳು ಕೆಡುವುದನ್ನೂ ಅನುಕರಿಸಿರುತ್ತಾರೆ. ‘ರ‍್ಯಾಂಡಮ್ ಫೇಲ್ಯೂರ್’ ಆನ್ ಇದ್ದರೆ ನೀವು ದೋಷ ಅಂದುಕೊಂಡದ್ದು ಅವರು ಕಷ್ಟಪಟ್ಟು ಮಾಡಿದ ಕೆಲಸವೇ ಇರಬಹುದು. ಅದನ್ನು ಆಫ್ ಮಾಡಿ. ಹಿಂದಿನ ಹಾರಾಟದ ಸ್ಥಿತಿಯನ್ನು ಉಳಿಸಿಡುವ ವಿಮಾನವಾದರೆ ಅದನ್ನೂ ರೀಸೆಟ್ ಮಾಡಿ. ನಿನ್ನೆ ನೀವೇ ಆಫ್ ಮಾಡಿಟ್ಟ ಕಂಪ್ಯೂಟರ್ ಸ್ವಿಚ್ ಇವತ್ತು ಮರೆತುಹೋಗಿರುತ್ತದೆ ಅಲ್ವಾ?

ಸಿಮ್ಯುಲೇಟರ್‌ನ ಅಸಿಸ್ಟೆನ್ಸ್ ಪುಟದಲ್ಲಿರುವ ಸಹಾಯಗಳನ್ನೆಲ್ಲ ತೆಗೆದುಬಿಡಿ. ಆಟೋ ರಡ್ಡರ್, ಅಸಿಸ್ಟೆಡ್ ಯೋಕ್, ಎಐಗೆ ಕಂಟ್ರೋಲ್ ಕೊಡುವ ಆಯ್ಕೆ, ಯಾವುದೂ ಬೇಡ. ಸ್ವಂತ ಫ್ಲೈ-ಬೈ-ವೈರ್ (ಸ್ಟಿಕ್ ಮತ್ತು ರೆಕ್ಕೆಗಳ ನಡುವೆ ಕಂಪ್ಯೂಟರ್ ಇರುವ) ಲೆಕ್ಕ ಇರುವ ವಿಮಾನಕ್ಕೆ ಇನ್ನೊಂದು ಕೈ ಸ್ಟಿಕ್ ಎಳೆದ ಹಾಗಾಗುತ್ತದೆ. ಆಕ್ಟಿವ್ ಪಾಝ್ (active pause) ಅಂತೂ ಮುಟ್ಟಲೇಬೇಡಿ. ಅದು ವಿಮಾನವನ್ನು ಗಾಳಿಯಲ್ಲಿ ನಿಲ್ಲಿಸುತ್ತದೆ, ಆದರೆ ಒಳಗಿನ ವ್ಯವಸ್ಥೆಗಳು ಓಡುತ್ತಲೇ ಇರುತ್ತವೆ. ವಿಮಾನ ನಿಂತಿದೆ, ಕಂಪ್ಯೂಟರ್ ಮಾತ್ರ ಹಾರುತ್ತಿದ್ದೇನೆ ಅಂದುಕೊಂಡಿದೆ. ಪಾಝ್ ತೆಗೆದ ಮೇಲೆ ಏನು ಬೇಕಾದರೂ ಆಗಬಹುದು. ಟೀ ಕುಡಿಯಲು ಏಳಬೇಕಾದರೆ ಮಾಮೂಲಿ ಪಾಝ್ ಬಳಸಿ. ಪರೀಕ್ಷೆಯ ಹಾರಾಟದಲ್ಲಿ ಸಮಯವನ್ನು ನಾಲ್ಕು ಪಟ್ಟು ಓಡಿಸುವುದೂ ಬೇಡ. ಆಗ ಎಪಿ ತೂಗಾಡಿದರೆ ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ.

ಈಗ ಕಮ್ಯುನಿಟಿ ಫೋಲ್ಡರ್, ಅಂದರೆ ನೀವು ಸೇರಿಸಿದ ಆಡ್-ಆನ್‌ಗಳು ಕೂರುವ ಜಾಗ. ಅದರ ಹೆಸರು ಬದಲಿಸಿ, ಹೊಸ ಖಾಲಿ ಕಮ್ಯುನಿಟಿ ಫೋಲ್ಡರ್ ಮಾಡಿ, ಬೀಟಾ ವಿಮಾನ ಒಂದನ್ನೇ ಹಾಕಿ ಹಾರಿಸಿ. ದೋಷ ಮಾಯವಾದರೆ ಕಳ್ಳ ಹಳೆಯ ಫೋಲ್ಡರ್‌ನಲ್ಲಿದ್ದಾನೆ. ಒಂದೊಂದಾಗಿ ತೆಗೆದು ನೋಡಬೇಡಿ, ಅರ್ಧರ್ಧ ಮಾಡಿ. ನನ್ನ ಹತ್ತಿರ 40 ಆಡ್-ಆನ್‌ಗಳಿದ್ದವು. 20 ಹಾಕಿ ನೋಡಬೇಕು, ಬಂದರೆ ಅದರಲ್ಲೇ ಇದೆ, ಬರದಿದ್ದರೆ ಉಳಿದ 20ರಲ್ಲಿದೆ. ಆಮೇಲೆ 10, ಆಮೇಲೆ 5. ಹೆಚ್ಚೆಂದರೆ ಆರು ಸುತ್ತಿನಲ್ಲಿ ಸಿಕ್ಕಿಬಿಡುತ್ತದೆ. ಒಂದೊಂದಾಗಿ ಹೋದರೆ 40 ಸಲ ಹಾರಬೇಕಾದೀತು. ನನಗೆ ಈ ಸುತ್ತುಗಳ ಅಗತ್ಯವೇ ಬೀಳಲಿಲ್ಲ. ಖಾಲಿ ಫೋಲ್ಡರ್‌ನಲ್ಲೂ ಎಪಿ ಬಿಟ್ಟಿತು.

ಒಂದೇ ದಾರಿ, ಒಂದೇ ಹವೆ, ಒಂದೇ ತೂಕ

ದೋಷ ಹುಡುಕುವಾಗ ಪ್ರತಿ ಸಲ ಬೇರೆ ಊರಿಗೆ ಹಾರುವುದು ಖುಷಿ ಕೊಡುತ್ತದೆ, ಉತ್ತರ ಕೊಡುವುದಿಲ್ಲ. ನಾನು ಬೆಂಗಳೂರು-ಮಂಗಳೂರು ಆರಿಸಿಕೊಂಡದ್ದು ಅದು ಚಿಕ್ಕ ದಾರಿ ಅಂತ. ಒಂದು ಸಂಜೆಗೆ ಮೂರು ಸಲ ಹತ್ತಬಹುದು. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 3,000 ಅಡಿ ಎತ್ತರದಲ್ಲಿದೆ, ರನ್‌ವೇ 4,000 ಮೀಟರ್ ಉದ್ದ. ಮಂಗಳೂರಿನದು ಗುಡ್ಡ ಸವರಿ ಮಾಡಿದ 2,450 ಮೀಟರ್ ರನ್‌ವೇ. ಒಂದೇ ದಾರಿಯಲ್ಲಿ ಎರಡು ಬಗೆಯ ನಿಲ್ದಾಣ ಸಿಕ್ಕಿದ್ದರಿಂದ ಬೇರೆ ಪರೀಕ್ಷೆಗಳಿಗೂ ಈ ದಾರಿ ಉಪಯೋಗಕ್ಕೆ ಬಂತು.

ಲೈವ್ ಹವಾಮಾನ ಆಫ್ ಮಾಡಿ, ‘ಕ್ಲಿಯರ್ ಸ್ಕೈಸ್’ ಹಾಕಿದೆ. ಸಿಮ್‌ನಲ್ಲಿ ಗಾಳಿ ಕೆಲವೊಮ್ಮೆ ಒಂದೇ ಸಲಕ್ಕೆ ದಿಕ್ಕು ಬದಲಿಸುತ್ತದೆ, ಅದರಿಂದ ವೇಗ ಜಿಗಿಯುತ್ತದೆ. ಆ ಗೊಂದಲ ಬೇಡ. ಸಮಯ ಬೆಳಿಗ್ಗೆ 10, ಇಂಧನ 6 ಟನ್, ಪ್ರಯಾಣಿಕರ ಸಂಖ್ಯೆಯೂ ಪ್ರತಿ ಸಲ ಒಂದೇ. ಎಪಿ ಹಾಕಿದ ಕ್ಷಣ ಮೊಬೈಲ್‌ನಲ್ಲಿ ಸ್ಟಾಪ್‌ವಾಚ್ ಒತ್ತಿದೆ. ಐದು ಹಾರಾಟದ ಟಿಪ್ಪಣಿ ಹೀಗಿತ್ತು:

ಮೊದಲನೆಯದು, 6 ನಿಮಿಷ 10 ಸೆಕೆಂಡ್, 14,200 ಅಡಿ. ಎರಡನೆಯದು, 3 ನಿಮಿಷ 45 ಸೆಕೆಂಡ್, 9,800 ಅಡಿ. ಮೂರನೆಯದು, ಬಿಡಲೇ ಇಲ್ಲ. ನಾಲ್ಕನೆಯದು, 11 ನಿಮಿಷ, ಸಮತಟ್ಟಾಗಿ ಹಾರುವಾಗ. ಐದನೆಯದು, 4 ನಿಮಿಷ 20 ಸೆಕೆಂಡ್, 10,900 ಅಡಿ.

ಈ ಐದು ಸಾಲು ನೋಡಿದ ಮೇಲೆ ನನ್ನ ಮೊದಲ ವರದಿಯೇ ತಪ್ಪು ಎಂದು ಗೊತ್ತಾಯಿತು. ‘ಹತ್ತುವಾಗ’ ಎಂದು ಬರೆದಿದ್ದೆ. ನಾಲ್ಕನೆಯ ಹಾರಾಟದಲ್ಲಿ ಹತ್ತುತ್ತಲೇ ಇರಲಿಲ್ಲ. ಎತ್ತರಕ್ಕೂ ಇದಕ್ಕೂ ಸಂಬಂಧವಿಲ್ಲ, ದಾರಿಯಲ್ಲಿನ ಯಾವ ಗುರುತಿಗೂ ಸಂಬಂಧವಿಲ್ಲ, ಮೋಡ್ ಬದಲಾದ ಗಳಿಗೆಯೂ ಅಲ್ಲ. ವಿಮಾನದ ಲೆಕ್ಕದಲ್ಲಿ ದೋಷವಿದ್ದರೆ ಅದು ಸಾಮಾನ್ಯವಾಗಿ ಒಂದು ಜಾಗಕ್ಕೆ, ಒಂದು ಹಂತಕ್ಕೆ ಅಂಟಿಕೊಂಡಿರುತ್ತದೆ. ಇದು ಎಲ್ಲಿ ಬೇಕಾದರೂ ಬರುತ್ತಿದೆ. ಹೊರಗಿನಿಂದ ಏನೋ ಒಳಗೆ ಬರುತ್ತಿರಬಹುದು ಎಂಬ ಅನುಮಾನ ನನಗೆ ಹುಟ್ಟಿದ್ದು ಇಲ್ಲೇ.

ಎಪಿ1 ಬದಲು ಎಪಿ2 ಹಾಕಿ ನೋಡಿದೆ. ಅದೂ ಬಿಟ್ಟಿತು. ಎರಡೂ ಬೇರೆ ಬೇರೆ ಕಂಪ್ಯೂಟರ್‌ಗಳ ಕೆಲಸ. ಎರಡೂ ಒಂದೇ ರೀತಿ ಬಿಡುತ್ತಿವೆ ಅಂದರೆ ಕಾರಣ ಎರಡಕ್ಕೂ ಸೇರಿದ್ದೇ ಇರಬೇಕು. ಅದೇ ಸಂಜೆ ಹುಬ್ಬಳ್ಳಿಯಲ್ಲಿರುವ ಇನ್ನೊಬ್ಬ ಪರೀಕ್ಷಕ ಹುಡುಗನಿಗೆ ಅದೇ ದಾರಿ, ಅದೇ ತೂಕ ಕೊಟ್ಟು ಹಾರಿಸಲು ಹೇಳಿದೆ. ನಾಲ್ಕು ಸಲ ಹಾರಿಸಿ ಫೋನ್ ಮಾಡಿದ: ‘ಅಣ್ಣಾ, ನನ್ನ ಕಡೆ ಬರವಲ್ದ್ರಿ.’ ಅವನದು ಹೊಸ ಸ್ಟಿಕ್.

ಸ್ಟಿಕ್ ಮೇಲೆ ಕಣ್ಣಿಡಿ

ಇದಕ್ಕೂ ಮುಂಚೆ ನಾನು ಒಂದು ಕಡೆ ದಾರಿ ತಪ್ಪಿದ್ದೆ, ನೀವು ತಪ್ಪಬೇಡಿ. ಸಿಮ್ ಜೊತೆಗೇ ಬಂದ ಸರಳ ವಿಮಾನವೊಂದನ್ನು ಅದೇ ಸ್ಟಿಕ್‌ನಿಂದ ಹಾರಿಸಿದ್ದೆ. ಎಪಿ ಒಮ್ಮೆಯೂ ಬಿಡಲಿಲ್ಲ. ‘ಸ್ಟಿಕ್ ಸರಿ ಇದೆ, ಆಡ್-ಆನ್‌ನದೇ ತಪ್ಪು’ ಎಂದುಕೊಂಡೆ. ಅದು ಸರಿಯಾದ ತೀರ್ಮಾನ ಅಲ್ಲ. ಸರಳ ವಿಮಾನಗಳಲ್ಲಿ ಎಪಿ ಹಾಕಿದ ಮೇಲೆ ಸ್ಟಿಕ್ ಏನು ಮಾಡುತ್ತಿದೆ ಎಂದು ಯಾರೂ ನೋಡುವುದಿಲ್ಲ. ಆಳವಾಗಿ ಕಟ್ಟಿದ ವಿಮಾನ ನೋಡುತ್ತದೆ. ನೋಡದೇ ಇರುವವನ ಕಣ್ಣಿಗೆ ತಪ್ಪು ಬೀಳಲಿಲ್ಲ ಅಂದಮಾತ್ರಕ್ಕೆ ತಪ್ಪು ಆಗಿಲ್ಲ ಅಂತಲ್ಲ.

ನಿಜವಾದ ಎ320ರಲ್ಲಿ ಎಪಿ ಹಾಕಿದ ಕೂಡಲೇ ಒಂದು ಸೊಲೆನಾಯ್ಡ್ ಸೈಡ್‌ಸ್ಟಿಕ್ ಅನ್ನು ನಡುವೆ ಬಿಗಿಹಿಡಿಯುತ್ತದೆ. ಪೈಲಟ್ ಸಾಕಷ್ಟು ಜೋರಾಗಿ ಎಳೆದರೆ ಆ ಬಿಗಿ ಬಿಟ್ಟುಕೊಂಡು ಎಪಿ ಆಫ್ ಆಗುತ್ತದೆ. ತುರ್ತಿನಲ್ಲಿ ಕೈಗೆ ವಿಮಾನ ತೆಗೆದುಕೊಳ್ಳಲು ಇಟ್ಟ ದಾರಿ ಅದು. ನಮ್ಮ ಮೇಜಿನ ಮೇಲಿನ ಸ್ಟಿಕ್‌ನಲ್ಲಿ ಆ ಬಿಗಿ ಇಲ್ಲ. ಹಾಗಾಗಿ ಆಡ್-ಆನ್ ಮಾಡುವವರು ಒಂದು ಮಿತಿ ಇಡುತ್ತಾರೆ: ಎಪಿ ಇರುವಾಗ ಸ್ಟಿಕ್ ಇಷ್ಟು ಭಾಗ ಮೀರಿ ಬಾಗಿದರೆ ಎಪಿ ಬಿಡು. ನಾನು ಸ್ಟಿಕ್ಕನ್ನು ನಿಧಾನಕ್ಕೆ ಎಳೆಯುತ್ತಾ ನೋಡಿದಾಗ, ಸುಮಾರು ಅರ್ಧ ಬಾಗಿದಾಗ ಎಪಿ ಬಿಟ್ಟಿತು. ಅದೇ ನಿಲ್ಲದ ಸದ್ದು, ಅದೇ ಕೆಂಪು ಸಾಲು. ನನ್ನ ದೋಷಕ್ಕೂ ಇದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ಖಚಿತ ಮಾಡಿಕೊಳ್ಳಲು ಸ್ಟಿಕ್‌ನ ಯುಎಸ್‌ಬಿ ತಂತಿಯನ್ನೇ ಕಿತ್ತೆ. ಟೇಕಾಫ್ ಆಗಿ ಎಪಿ ಹಾಕಿದ ಮೇಲೆ ತಂತಿ ಎಳೆಯಿರಿ. ಎಳೆದ ಗಳಿಗೆಯಲ್ಲೇ ಎಪಿ ಬಿಟ್ಟರೆ ಗಾಬರಿ ಬೇಡ, ಮತ್ತೆ ಹಾಕಿ, ಅಲ್ಲಿಂದ ಗಡಿಯಾರ ಶುರು ಮಾಡಿ. ಇಳಿಸುವ ಅಗತ್ಯವಿಲ್ಲ, 20 ನಿಮಿಷ ನೋಡಿ ಹಾರಾಟ ಮುಗಿಸಿ. ನಾಲ್ಕು ಸಲ ಹಾರಿಸಿದೆ. ನಾಲ್ಕೂ ಸಲ ಎಪಿ ಬಂಡೆಯ ಹಾಗೆ ಕೂತಿತ್ತು.

ಆಮೇಲೆ ಸಿಮ್ ಮುಚ್ಚಿ, ವಿಂಡೋಸ್‌ನ ಗೇಮ್ ಕಂಟ್ರೋಲರ್ ಪರೀಕ್ಷೆಯ ಕಿಟಕಿ ತೆರೆದೆ. ಒಂದು ಚೌಕ, ಅದರ ನಡುವೆ ಚಿಕ್ಕ ಅಧಿಕ ಚಿಹ್ನೆ. ಸ್ಟಿಕ್ ಮುಟ್ಟದೆ ಅದನ್ನೇ ನೋಡುತ್ತಾ ಕೂತೆ. ಒಂದು ನಿಮಿಷ ಏನೂ ಇಲ್ಲ. ಎರಡು ನಿಮಿಷ ಏನೂ ಇಲ್ಲ. ಮೂರನೆಯ ನಿಮಿಷ ಮುಗಿಯುವ ಹೊತ್ತಿಗೆ ಚಿಹ್ನೆ ಕೆಳಗಿನ ಅಂಚಿಗೆ ಹಾರಿ ಮರಳಿ ಬಂದಂತೆ ಕಂಡಿತು. ಕಣ್ಣು ಮಿಟುಕಿಸಿದ್ದರೆ ತಪ್ಪಿಹೋಗುತ್ತಿತ್ತು. ನಾನು ಕಂಡದ್ದು ನಿಜವೋ ಭ್ರಮೆಯೋ ಎಂದು ಗೊತ್ತಾಗಲಿಲ್ಲ. ಮೊಬೈಲ್ ಅನ್ನು ಪುಸ್ತಕಗಳಿಗೆ ಒರಗಿಸಿ ಪರದೆಯ ವಿಡಿಯೊ ತೆಗೆದೆ. ಹತ್ತು ನಿಮಿಷದ ವಿಡಿಯೊವನ್ನು ಒಂದೊಂದೇ ಫ್ರೇಮ್ ಸರಿಸುತ್ತಾ ನೋಡಿದೆ. ಮೂರು ಕಡೆ ಇತ್ತು. ಒಂದು ಫ್ರೇಮ್‌ನಲ್ಲಿ ಚಿಹ್ನೆ ನಡುವೆ, ಮುಂದಿನದರಲ್ಲಿ ಅಂಚಿನಲ್ಲಿ, ಅದರ ಮುಂದಿನದರಲ್ಲಿ ಮತ್ತೆ ನಡುವೆ.

ಕಾರಣ ಹಳೆಯ ಸ್ಟಿಕ್‌ನ ಒಳಗಿನ ಪೊಟೆನ್ಷಿಯೋಮೀಟರ್. ರೇಡಿಯೊದ ವಾಲ್ಯೂಮ್ ತಿರುಗಿಸಿದಾಗ ಕರಕರ ಅನ್ನುತ್ತದಲ್ಲ, ಅದೇ ಭಾಗ. ಇಂಗಾಲದ ಪಟ್ಟಿಯ ಮೇಲೆ ಒಂದು ಲೋಹದ ನಾಲಗೆ ಜಾರುತ್ತಿರುತ್ತದೆ. ಸ್ಟಿಕ್ ಬಹುಪಾಲು ಹೊತ್ತು ನಡುವೆಯೇ ಇರುವುದರಿಂದ ಪಟ್ಟಿ ನಡುವೆಯೇ ಜಾಸ್ತಿ ಸವೆಯುತ್ತದೆ. ಅಲ್ಲಿ ಧೂಳು ಕೂತರೆ ಒಂದು ಗಳಿಗೆ ನಾಲಗೆಯ ಸ್ಪರ್ಶ ತಪ್ಪುತ್ತದೆ, ಅಂಕಿ ಒಮ್ಮೆಗೇ ತುದಿಗೆ ಹಾರುತ್ತದೆ. ಕೈಯಿಂದ ಹಾರಿಸುವಾಗ ಇದು ಗೊತ್ತೇ ಆಗುವುದಿಲ್ಲ. ಸೆಕೆಂಡಿಗೆ 30 ಫ್ರೇಮ್ ಓಡುವ ಸಿಮ್‌ನಲ್ಲಿ ಒಂದು ಫ್ರೇಮ್ ಅಂದರೆ ಸೆಕೆಂಡಿನ ಮೂವತ್ತನೇ ಒಂದು ಪಾಲು. ಅರುವತ್ತು ಟನ್ ತೂಕದ ವಿಮಾನ ಅಷ್ಟರಲ್ಲಿ ಅಲುಗುವುದೂ ಇಲ್ಲ. ಎಪಿಯ ಲೆಕ್ಕಕ್ಕೆ ಮಾತ್ರ ಆ ಒಂದು ಫ್ರೇಮ್ ಸಾಕು.

‘ಡೆಡ್‌ಜೋನ್ ಜಾಸ್ತಿ ಮಾಡಿ’ ಎಂಬ ಸಲಹೆ ನಿಮಗೆ ಸಿಕ್ಕೇ ಸಿಗುತ್ತದೆ. ನಡುವಿನ ಸಣ್ಣ ನಡುಕಕ್ಕೆ ಅದು ಒಳ್ಳೆಯ ಮದ್ದು. ಇಂಥ ಜಿಗಿತಕ್ಕೆ ನಾಟುವುದಿಲ್ಲ. ಡೆಡ್‌ಜೋನ್ ನಡುವಿನ ಕೆಲವು ಶೇಕಡಾ ಭಾಗವನ್ನು ಮಾತ್ರ ಮುಚ್ಚುತ್ತದೆ, ತುದಿಗೆ ಹಾರಿದ ಅಂಕಿ ಅದನ್ನು ದಾಟಿಕೊಂಡೇ ಹೋಗುತ್ತದೆ.

ಸ್ಟಿಕ್ ಅಲ್ಲದಿದ್ದರೆ

ನಿಮ್ಮ ಸ್ಟಿಕ್ ಸರಿ ಇದ್ದರೆ ಇನ್ನೂ ಕೆಲವು ಕಡೆ ನೋಡಬೇಕು. ಹೊಸ ಸಾಧನ ಸಿಕ್ಕಿಸಿದಾಗ ಸಿಮ್ಯುಲೇಟರ್ ಅದಕ್ಕೆ ತಾನಾಗಿಯೇ ಒಂದು ಪ್ರೊಫೈಲ್ ಕಟ್ಟುತ್ತದೆ. ಮೇಜಿನ ಮೂಲೆಯಲ್ಲಿ ಬಿದ್ದಿರುವ ಗೇಮ್‌ಪ್ಯಾಡ್‌ಗೂ ಕಟ್ಟಿರುತ್ತದೆ. ಒಂದೇ ಆಕ್ಸಿಸ್‌ಗೆ (ಪಿಚ್‌ನಂಥ ಒಂದು ಚಲನೆಗೆ) ಎರಡು ಸಾಧನ ಸೇರಿದ್ದರೆ ಬಳಸದಿರುವುದರ ಪ್ರೊಫೈಲ್ ಖಾಲಿ ಮಾಡಿ. ರಡ್ಡರ್ ಪೆಡಲ್ ಇದ್ದರೆ ಅದನ್ನೂ ಪರೀಕ್ಷಿಸಿ, ಪೆಡಲ್ ಟ್ರಿಮ್‌ಗಿಂತ 10 ಡಿಗ್ರಿ ಮೀರಿ ಸರಿದರೂ ಎಪಿ ಬಿಡುತ್ತದೆ.

ಹಾರಾಟದ ನಡುವೆ ವಿಂಡೋಸ್‌ನ ‘ಸಾಧನ ಕಡಿದುಹೋಯಿತು’ ಎನ್ನುವ ಸದ್ದು ಎಂಜಿನ್ ಸದ್ದಿನ ಅಡಿಯಲ್ಲಿ ಕೇಳಿದರೆ ಯುಎಸ್‌ಬಿ ಕಡೆ ನೋಡಿ. ಡಿವೈಸ್ ಮ್ಯಾನೇಜರ್‌ನಲ್ಲಿ ಯುಎಸ್‌ಬಿ ರೂಟ್ ಹಬ್‌ಗಳ ಪವರ್ ಪುಟದಲ್ಲಿ, ವಿದ್ಯುತ್ ಉಳಿಸಲು ಸಾಧನ ಆಫ್ ಮಾಡುವ ಅನುಮತಿಯ ಟಿಕ್ ತೆಗೆಯಿರಿ. ಹೆಡ್‌ಫೋನ್ ತೆಗೆದು ಸ್ಪೀಕರ್‌ನಲ್ಲಿ ಒಂದು ಹಾರಾಟ ಮಾಡಿದರೆ ಈ ಸದ್ದು ಬೇಗ ಸಿಗುತ್ತದೆ.

ಎಪಿ ಸರಿ ಇದ್ದು ಆಟೋ ಥ್ರಸ್ಟ್ (ಎಂಜಿನ್ ಬಲವನ್ನು ತಾನೇ ನೋಡಿಕೊಳ್ಳುವ ವ್ಯವಸ್ಥೆ) ಮಾತ್ರ ಕಾಟ ಕೊಟ್ಟರೆ ಥ್ರಾಟಲ್ ಕ್ಯಾಲಿಬ್ರೇಶನ್ ಮತ್ತೆ ಮಾಡಿ. ಎಫ್‌ಎಂಎಯಲ್ಲಿ ‘ಲಿವರ್ ಅಸಿಮ್’ ಎಂದು ಕಂಡರೆ ಒಂದು ಲಿವರ್ ಸಿಎಲ್ (ಕ್ಲೈಂಬ್) ಕಚ್ಚಿನಲ್ಲಿ ಕೂತಿದೆ, ಇನ್ನೊಂದು ಕೂತಿಲ್ಲ. ಸಿಮ್ ಪೂರ್ತಿ ಮುಚ್ಚಿಕೊಂಡು ಡೆಸ್ಕ್‌ಟಾಪ್‌ಗೆ ಬಿದ್ದರೆ ಅದು ಬೇರೆಯೇ ಕಥೆ. ವಿಂಡೋಸ್ ಇವೆಂಟ್ ವ್ಯೂವರ್‌ನಲ್ಲಿ ಆ ನಿಮಿಷದ ದಾಖಲೆ ತೆಗೆದು, ಯಾವ ಮಾಡ್ಯೂಲ್ ಬಿತ್ತು ಎಂಬ ಸಾಲನ್ನು ವರದಿಗೆ ಸೇರಿಸಿ.

ತಪ್ಪು ನನ್ನ ಸ್ಟಿಕ್‌ನದು. ಆದರೂ ವರದಿ ಕಳಿಸಿದೆ

ಸ್ಟಿಕ್ ಕೆಟ್ಟಿದೆ ಎಂದು ಗೊತ್ತಾದ ಮೇಲೆ ಬಹಳ ಜನ ಅಲ್ಲಿಗೇ ಬಿಡುತ್ತಾರೆ. ನನಗೆ ಹಾಗೆ ಬಿಡಲು ಮನಸ್ಸಾಗಲಿಲ್ಲ. ನಿಜವಾದ ವಿಮಾನದಲ್ಲಿ ಸೊಲೆನಾಯ್ಡ್ ಬಿಗಿಯನ್ನು ಮೀರಿ ಎಳೆಯಬೇಕು, ಅಂದರೆ ಪೈಲಟ್‌ಗೆ ಉದ್ದೇಶ ಇರಲೇಬೇಕು. ಒಂದು ಫ್ರೇಮ್‌ನ ಜಿಗಿತದಲ್ಲಿ ಯಾವ ಉದ್ದೇಶವೂ ಇಲ್ಲ. ಈ ವಿಮಾನ ಮಾರುಕಟ್ಟೆಗೆ ಬಂದಾಗ ಸಾವಿರಾರು ಮನೆಗಳಲ್ಲಿ ನನ್ನಂಥ ಹಳೆಯ ಸ್ಟಿಕ್‌ಗಳೇ ಇರುತ್ತವೆ. ದುಬಾರಿ ಸ್ಟಿಕ್ ಕೊಳ್ಳಲು ಆಗದ ಹುಡುಗರೂ ಇದನ್ನು ಹಾರಿಸಬೇಕು. ಅವರೆಲ್ಲ ‘ಎಪಿ ಸರಿ ಇಲ್ಲ’ ಅನ್ನುತ್ತಾರೆ, ಕಾರಣ ಅವರಿಗೆ ಗೊತ್ತಾಗುವುದೇ ಇಲ್ಲ.

ವರದಿ ಇಂಗ್ಲಿಷಿನಲ್ಲಿ ಕಳಿಸಿದೆ. ಅದರ ಸಾರ ಹೀಗಿತ್ತು:

ಏನಾಯಿತು: ಎಪಿ ಇರುವಾಗ ಸ್ಟಿಕ್‌ನ ಪಿಚ್ ಆಕ್ಸಿಸ್ ಒಂದೇ ಫ್ರೇಮ್ ಮಿತಿ ಮೀರಿದರೂ ಎಪಿ ಆಫ್ ಆಗುತ್ತದೆ.
ಏನಾಗಬೇಕಿತ್ತು: ಪೈಲಟ್ ಎಳೆದು ಹಿಡಿದಾಗ ಮಾತ್ರ ಬಿಡಬೇಕು.
ಎಷ್ಟು ಸಲ: ಹಳೆಯ ಸ್ಟಿಕ್‌ನಲ್ಲಿ 5ರಲ್ಲಿ 4. ಸ್ಟಿಕ್ ಕಿತ್ತಾಗ 4ರಲ್ಲಿ 0. ಬೇರೆಯವರ ಹೊಸ ಸ್ಟಿಕ್‌ನಲ್ಲಿ 4ರಲ್ಲಿ 0.
ಮಾಡಿ ನೋಡುವ ಬಗೆ: ಎಪಿ ಹಾಕಿ. ಸ್ಟಿಕ್ಕನ್ನು ಬೆರಳಿನಿಂದ ಒಮ್ಮೆ ಚಿಮ್ಮಿ, ಕೂಡಲೇ ಬಿಡಿ.
ಜೊತೆಗೆ: ಬಿಲ್ಡ್ ಸಂಖ್ಯೆ, ಸಿಮ್ ಆವೃತ್ತಿ, ಎಫ್‌ಎಂಎ ಚಿತ್ರ, ಸ್ಟಿಕ್ ಜಿಗಿಯುವ ವಿಡಿಯೊ.

‘ಮಾಡಿ ನೋಡುವ ಬಗೆ’ ಎಂಬ ಸಾಲೇ ಇದರಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು. ಡೆವಲಪರ್ ಹತ್ತಿರ ನನ್ನ ಕೆಟ್ಟ ಸ್ಟಿಕ್ ಇಲ್ಲ. ಬೆರಳಿನಿಂದ ಚಿಮ್ಮುವುದು ಯಾರ ಸ್ಟಿಕ್‌ನಲ್ಲಾದರೂ ಆಗುತ್ತದೆ. ಅದನ್ನು ಕಂಡುಕೊಳ್ಳಲು ನನಗೆ ಒಂದು ಪೂರ್ತಿ ಸಂಜೆ ಬೇಕಾಯಿತು. ಈ ಸಲದ ಉತ್ತರ ಒಂದೇ ಪದ: ‘ಸಿಕ್ಕಿತು.’

ಹೊಸ ಬಿಲ್ಡ್ ಬಂದ ಮೇಲೆ

ಅಲ್ಲಿಯವರೆಗೂ ನಾನು ಸ್ಟಿಕ್ ಕ್ಲೀನ್ ಮಾಡಿರಲಿಲ್ಲ, ಬೇಕೆಂದೇ. ದೋಷ ತೋರಿಸುವ ಸಾಧನ ಅದೊಂದೇ ಇದ್ದದ್ದು. ಕೆಟ್ಟ ಸಾಮಾನು ಸರಿ ಮಾಡುವ ಮುಂಚೆ, ಪರಿಹಾರ ಬಂದಿದೆಯೇ ಎಂದು ಅದರಲ್ಲೇ ನೋಡಿಬಿಡಿ.

ಹೊಸ ಬಿಲ್ಡ್‌ನಲ್ಲಿ ಅದೇ ದಾರಿಯಲ್ಲಿ ಆರು ಸಲ ಹಾರಿಸಿದೆ, ಎಪಿ ಬಿಡಲಿಲ್ಲ. ಅಲ್ಲಿಗೇ ನಿಲ್ಲಿಸಬೇಡಿ. ಒಂದು ಕಡೆ ಸರಿ ಮಾಡಿದಾಗ ಇನ್ನೊಂದು ಕಡೆ ಕೆಡುವುದು ಮಾಮೂಲು. ಎಳೆದಾಗ ಬಿಡಲೇಬೇಕಾದ ಎಪಿ ಈಗಲೂ ಬಿಡುತ್ತದೆಯೇ? ಬೆಂಗಳೂರಿನ ಐಎಲ್‌ಎಸ್‌ನಲ್ಲಿ (ರನ್‌ವೇಗೆ ದಾರಿ ತೋರಿಸುವ ರೇಡಿಯೊ ಸಂಕೇತದಲ್ಲಿ) ಎರಡೂ ಎಪಿ ಹಾಕಿಕೊಂಡು ಇಳಿಯುತ್ತಾ, ರನ್‌ವೇ ಕಣ್ಣ ಮುಂದಿರುವಾಗ ಸ್ಟಿಕ್ಕನ್ನು ಬಲವಾಗಿ ಎಳೆದೆ. ಎಪಿ ಬಿಟ್ಟಿತು, ಆದರೆ ತಡವಾಗಿ. ವಿಡಿಯೊದಲ್ಲಿ ಎಣಿಸಿದರೆ ಪೂರ್ತಿ ಒಂದು ಸೆಕೆಂಡ್. ಜಿಗಿತವನ್ನು ಸೋಸಲು ಅವರು ಇಟ್ಟ ಕಾಯುವ ಸಮಯ ಜಾಸ್ತಿಯಾಗಿತ್ತು. 200 ಅಡಿ ಎತ್ತರದಲ್ಲಿ ಕೈಗೆ ವಿಮಾನ ಬೇಕಾದಾಗ ಒಂದು ಸೆಕೆಂಡ್ ಬಹಳ ದೊಡ್ಡದು.

ಅದನ್ನೂ ಬರೆದು ಕಳಿಸಿದೆ. ಅದರ ಮುಂದಿನ ಬಿಲ್ಡ್‌ನಲ್ಲಿ ಕಾಯುವ ಸಮಯ ಕಡಿಮೆಯಾಗಿತ್ತು. ಎಳೆದ ಕೂಡಲೇ ವಿಮಾನ ಕೈಗೆ ಬಂತು, ಬೆರಳಿನಿಂದ ಚಿಮ್ಮಿದರೆ ಎಪಿ ಅಲುಗಲಿಲ್ಲ. ಮಂಗಳೂರಿನ ಕಡೆ ಇನ್ನೂ ನಾಲ್ಕು ಸಲ ಹತ್ತಿ, ನನ್ನ ಪಟ್ಟಿಯಲ್ಲಿ ಈ ದೋಷದ ಸಾಲಿನ ಮುಂದೆ ಟಿಕ್ ಹಾಕಿದೆ.

ಆಮೇಲೆ ಸ್ಟಿಕ್‌ನ ತಳದ ಸ್ಕ್ರೂಗಳನ್ನು ಬಿಚ್ಚಿ, ಪೊಟೆನ್ಷಿಯೋಮೀಟರ್‌ನ ಸಂದಿಗೆ ಕಾಂಟ್ಯಾಕ್ಟ್ ಕ್ಲೀನರ್ ಒಂದೆರಡು ಹನಿ ಸಿಂಪಡಿಸಿ, ಸ್ಟಿಕ್ಕನ್ನು ಆ ತುದಿಯಿಂದ ಈ ತುದಿಗೆ ಇಪ್ಪತ್ತು ಮೂವತ್ತು ಸಲ ಆಡಿಸಿ, ಒಂದು ರಾತ್ರಿ ಒಣಗಲು ಬಿಟ್ಟೆ. ಬೆಳಿಗ್ಗೆ ಪರೀಕ್ಷೆಯ ಕಿಟಕಿ ತೆರೆದು ಹತ್ತು ನಿಮಿಷ ನೋಡಿದೆ. ಚಿಹ್ನೆ ನಡುವಿನಿಂದ ಕದಲಲಿಲ್ಲ.